ವೇಗವೆಂಬ ಸಂಪತ್ತಿನ ವಿನಿಯೋಗ

ಕೂದಲಿನ ಎಳೆಗಿಂತ ಸುಮಾರು ಸಾವಿರ ಪಾಲು ತೆಳುವಾದ ಒಂದು ಪ್ಲಾಸ್ಟಿಕ್ ಪೊರೆಯು, ನೂರಾರು ಕೋಟಿ ಡಾಲರುಗಳನ್ನು ವ್ಯಯಿಸಿ ಕಟ್ಟಿದ ಮಹಾಯಂತ್ರವೊಂದರ ಸಂಕಲ್ಪಕ್ಕೆ ವಿಘ್ನವಾಗಿ ಪರಿಣಮಿಸಿತೆಂಬ ಸಂಗತಿಯು, ಅದನ್ನು ಓದಿದಂದಿನಿಂದ ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. ಆ ಯಂತ್ರವಿರುವುದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಲಿವರ್‌ಮೋರ್ ಎಂಬ ಊರಿನ ರಾಷ್ಟ್ರೀಯ ಪ್ರಯೋಗಾಲಯದಲ್ಲಿ. ಅದರ ಹೆಸರು ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ. ಅದು ಲೋಕಾರ್ಪಣೆಗೊಂಡದ್ದು 2009ರಲ್ಲಿ. ಅಲ್ಲಿ 192 ಲೇಸರ್ ಕಿರಣಗಳು ಒಂದು ಸೆಂಟಿಮೀಟರಿನಷ್ಟು ಉದ್ದದ ಟೊಳ್ಳಾದ ಚಿನ್ನದ ಡಬ್ಬಿಯೊಂದರ ಎರಡು ತುದಿಗಳಿಂದಲೂ ಒಳಹೊಕ್ಕು, ಅದರ ಗೋಡೆಗಳನ್ನು ಕಾಯಿಸಿ ಎಕ್ಸ್-ಕಿರಣಗಳನ್ನು ಎಬ್ಬಿಸುತ್ತವೆ. ಡಬ್ಬಿಯ ನಡುವೆ ನಿಲ್ಲಿಸಿದ ಎರಡು ಮಿಲಿಮೀಟರ್ ವ್ಯಾಸದ ಗುಳಿಗೆಯ ಹೊರಮೈಯು ಆ ಕಿರಣಗಳ ತಾಪಕ್ಕೆ ಸಿಡಿದು ಹಾರುತ್ತದೆ. ಅದರ ಪ್ರತಿಕ್ರಿಯೆಯಾಗಿ ಒಳಮೈಯು ಸೆಕೆಂಡಿಗೆ ನಾನೂರು ಕಿಲೊಮೀಟರಿಗೆ ಸಮೀಪವಾದ ವೇಗದಿಂದ ತನ್ನ ಕೇಂದ್ರದ ಕಡೆಗೆ ಕುಸಿಯುತ್ತದೆ. ಗುಳಿಗೆಯೊಳಗೆ ಹಿಮದ ಪದರವಾಗಿ ಹೆಪ್ಪುಗಟ್ಟಿದ ಡ್ಯುಟೀರಿಯಮ್ ಮತ್ತು ಟ್ರಿಟಿಯಮ್‌ಗಳು, ಅಂದರೆ ಜಲಜನಕದ ಎರಡು ಭಾರವಾದ ರೂಪಗಳು, ಈ ಒತ್ತಡದಲ್ಲಿ ಕಾದು ಬೆಸೆದು ಹೀಲಿಯಮ್ ಆಗಬೇಕು. ಆಗುವಾಗ ಸೂರ್ಯನ ಗರ್ಭದಲ್ಲಿ ಹುಟ್ಟುವ ಬಗೆಯ ಶಕ್ತಿಯನ್ನು ಹೊರಸೂಸಬೇಕು. ಬೈಜಿಕ ಸಮ್ಮಿಲನವೆಂದು ನಾವು ಕರೆಯುವುದು ಇದನ್ನೇ.

ಇಷ್ಟಾಗಬೇಕಾದರೆ ಗುಳಿಗೆಯು ತನ್ನ ಅಗಲದ ಮೂವತ್ತರಲ್ಲಿ ಒಂದು ಪಾಲಿಗೆ ಕುಗ್ಗಬೇಕು. ತೆಂಗಿನಕಾಯಿಯೊಂದನ್ನು ಎಲ್ಲ ದಿಕ್ಕುಗಳಿಂದಲೂ ಒಮ್ಮೆಗೇ ಅದುಮಿ ಕಾಳುಮೆಣಸಿನ ಗಾತ್ರಕ್ಕೆ ತರುವುದನ್ನೂ, ತಂದಾಗ ಅದು ಕಾಳುಮೆಣಸಿನಂತೆಯೇ ಗುಂಡಾಗಿ ಉಳಿಯುವುದನ್ನೂ ಊಹಿಸಿಕೊಂಡರೆ ಕಾರ್ಯದ ಕಾಠಿಣ್ಯವು ತಕ್ಕಮಟ್ಟಿಗೆ ಮನಸ್ಸಿಗೆ ಬಂದೀತು. ಮೇಲ್ಮೈಯಲ್ಲಿ ಒಂದು ಕಡೆ ಅತಿಸೂಕ್ಷ್ಮವಾದ ಉಬ್ಬಿದ್ದರೂ ಸಾಕು. ಕುಸಿಯುವ ಭರದಲ್ಲಿ ಅದು ಬೆಳೆದು, ಬೆರಳಿನಂತೆ ಒಳಕ್ಕೆ ಚಾಚಿ, ಹೊರಗಿನ ತಣ್ಣನೆಯ ದ್ರವ್ಯವನ್ನು ಒಳಗಿನ ಬಿಸಿಯ ಬಿಂದುವಿಗೆ ಬೆರೆಸಿ, ಹೊತ್ತಿಕೊಳ್ಳಬೇಕಾದ ಕಿಡಿಯನ್ನು ನಂದಿಸಿಬಿಡುತ್ತದೆ. ಗುಳಿಗೆಯನ್ನು ಡಬ್ಬಿಯ ನಡುವೆ ಹಿಡಿದು ನಿಲ್ಲಿಸಲು ಎರಡು ಕಡೆಯೂ ಬಿಗಿದಿದ್ದ ಪೊರೆಯನ್ನೇ ನಾನು ಮೊದಲು ಹೇಳಿದ್ದು. ಅಷ್ಟು ತೆಳುವಾದುದು ಏನು ಮಾಡೀತೆಂದು ಆರಂಭದ ಗಣನೆಗಳಲ್ಲಿ ಅದಕ್ಕೆ ಹೆಚ್ಚಿನ ಗಮನ ಸಿಕ್ಕಿರಲಿಲ್ಲ. ಮುಂದೆ ಕುಸಿಯುವ ಗುಳಿಗೆಯ ಎಕ್ಸ್-ಕಿರಣ ಚಿತ್ರಗಳನ್ನು ತೆಗೆದಾಗ, ಪೊರೆಯು ಗುಳಿಗೆಯನ್ನು ಬಿಟ್ಟು ಅಗಲುವ ವೃತ್ತದ ಉದ್ದಕ್ಕೂ ಗಾಯದ ಬರೆಯಂತಹ ಗುರುತು ಮೂಡಿದ್ದುದು ಕಾಣಿಸಿತು.

2012ರ ಸೆಪ್ಟೆಂಬರಿನಲ್ಲಿ ಮೊದಲ ಪ್ರಯತ್ನಸರಣಿಯು ಮುಗಿದಾಗ ಜ್ವಲನ, ಅಂದರೆ ಆ ಹೊತ್ತಿಕೊಳ್ಳುವಿಕೆ, ಸಿದ್ಧಿಸಿರಲಿಲ್ಲ. ಅದು ಸಿದ್ಧಿಸುವುದೆಂದು ಹೇಳಿದ್ದವರು ಯಾರು? ಕಂಪ್ಯೂಟರುಗಳು. ಸಿಮ್ಯುಲೇಷನ್ ಎಂದು ಕರೆಯಲ್ಪಡುವ ಗಣಿತಾನುಕರಣದಲ್ಲಿ, ಆ ಕಾಲಕ್ಕೆ ಜಗತ್ತಿನಲ್ಲಿಯೇ ಶ್ರೇಷ್ಠವೆನಿಸಿದ್ದ ಯಂತ್ರಗಳ ಮೇಲೆ, ದಶಕಗಳಿಂದ ತಿದ್ದಿ ತೀಡಿದ ಕ್ರಮವಿಧಿಗಳನ್ನು ನಡೆಸಿ, ಗುಳಿಗೆಯು ಹೊತ್ತಿಕೊಳ್ಳುವುದನ್ನು ಅನೇಕ ಬಾರಿ ಅಂಕಿಗಳಲ್ಲಿ ಕಂಡಿದ್ದರು. ನಿಸರ್ಗವು ಆ ಅಂಕಿಗಳಿಗೆ ಒಪ್ಪಲಿಲ್ಲ.

ಇದು ಆ ಕ್ಷೇತ್ರಕ್ಕೆ ಹೊಸ ಅನುಭವವೂ ಆಗಿರಲಿಲ್ಲ. ಲೇಸರಿನಿಂದ ಜಲಜನಕವನ್ನು ಸಂಪೀಡಿಸುವ ವಿಚಾರವನ್ನು ಜಾನ್ ನಕಲ್ಸ್ ಮತ್ತು ಅವರ ಸಂಗಡಿಗರು 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ವ್ಯಯಿಸಿದಷ್ಟು ಶಕ್ತಿಯನ್ನು ಮರಳಿ ಪಡೆಯಲು ಒಂದು ಕಿಲೊಜೂಲಿನಷ್ಟು ಲೇಸರ್ ಬೆಳಕೇ ಸಾಲಬಹುದೆಂಬ ಅಂದಾಜು ಅವರ ಗಣನೆಗಳಿಂದ ಹೊರಟಿತ್ತು. ಆ ಬಳಿಕ ಯಂತ್ರದ ಮೇಲೆ ಯಂತ್ರ ಎದ್ದಿತು. 1977ರಲ್ಲಿ ಸಿದ್ಧವಾದ, ಇಪ್ಪತ್ತು ಕಿರಣಗಳ ಒಂದು ಲೇಸರಿಗೆ ಲಿವರ್‌ಮೋರಿನವರು ಇಟ್ಟ ಹೆಸರು ‘ಶಿವ’. ಬಹುಬಾಹುವಾದ ದೇವತೆಯೆಂದು ನಮ್ಮ ಪರಮೇಶ್ವರನನ್ನು ಅವರು ಸ್ಮರಿಸಿಕೊಂಡರು. ಅದರ ಅವಗೆಂಪು ಬೆಳಕು ಗುರಿಯ ಸುತ್ತಲಿನ ಪ್ಲಾಸ್ಮಾದಲ್ಲಿ, ಅಂದರೆ ಅತಿಯಾಗಿ ಕಾದು ಇಲೆಕ್ಟ್ರಾನುಗಳು ಬಿಡಿಯಾದ ಅನಿಲದಲ್ಲಿ, ಇಲೆಕ್ಟ್ರಾನುಗಳನ್ನು ವಿಪರೀತವಾಗಿ ಕೆರಳಿಸುತ್ತದೆಂಬುದು ಪ್ರಯೋಗದಿಂದ ತಿಳಿಯಿತೇ ಹೊರತು ಗಣನೆಯಿಂದ ಪೂರ್ತಿಯಾಗಿ ತಿಳಿದಿರಲಿಲ್ಲ; ಆದುದರಿಂದ 1984ರ ‘ನೋವಾ’ದಲ್ಲಿ ಬೆಳಕನ್ನು ನೇರಳಾತೀತದ ಕಡೆಗೆ ತಿರುಗಿಸಿದರು. ಕಟ್ಟಕಡೆಗೆ 2022ರ ಡಿಸೆಂಬರ್ 5ರಂದು ಲಿವರ್‌ಮೋರಿನಲ್ಲಿ ಗುರಿಗೆ ಕೊಟ್ಟ ಶಕ್ತಿಗಿಂತ ಹೊರಬಂದ ಶಕ್ತಿ ಹೆಚ್ಚಾದಾಗ, ಕೊಟ್ಟದ್ದು 2.05 ಮೆಗಾಜೂಲ್, ಬಂದದ್ದು 3.15 ಮೆಗಾಜೂಲ್. ಮೊದಲ ಅಂದಾಜಿನ ಒಂದು ಕಿಲೊಜೂಲ್ ಎಲ್ಲಿ, ಈ ಎರಡು ಸಾವಿರ ಕಿಲೊಜೂಲ್ ಎಲ್ಲಿ! ನಕಲ್ಸ್ ಅವರನ್ನು ಇದರಿಂದ ಲಘುವಾಗಿ ಎಣಿಸುವವನು ಅವಿವೇಕಿ; ಅವರ ಮೂಲಕಲ್ಪನೆ ಸತ್ಯವೆಂದು ಐವತ್ತು ವರ್ಷಗಳ ಬಳಿಕ ಲೋಕವೇ ಕಂಡಿತು. ಆದರೆ ಕಲ್ಪನೆಯ ಸತ್ಯಕ್ಕೂ ಲೆಕ್ಕದ ಸತ್ಯಕ್ಕೂ ನಡುವೆ ಎರಡು ಸಾವಿರ ಪಟ್ಟು ಅಂತರ ಇರಬಹುದೆಂಬುದನ್ನು ಮರೆಯಲಾಗದು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿ ಇರಿಸಿಕೊಂಡೇ, ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿರುವ ಒಂದು ಉತ್ಸಾಹದ ವಾರ್ತೆಯನ್ನು ವಿಚಾರಿಸಬೇಕಾಗಿದೆ. ಚಿತ್ರಗಳನ್ನು ಬಿಡಿಸುವುದಕ್ಕಾಗಿ ಹುಟ್ಟಿದ ಗ್ರಾಫಿಕ್ಸ್ ಪ್ರೊಸೆಸರುಗಳು, ಅಂದರೆ ಜಿಪಿಯುಗಳು, ಈ ಅನುಕರಣಗಳನ್ನು ಹತ್ತಾರು ಪಟ್ಟು ವೇಗವಾಗಿ ಮುಗಿಸಬಲ್ಲವೆಂಬುದು ಆ ವಾರ್ತೆ. ಅದು ಸತ್ಯವೂ ಹೌದು, ಸಂತೋಷದ ವಿಷಯವೂ ಹೌದು. ಆದರೆ ಹಾಗೆ ಉಳಿದ ಕಾಲವನ್ನು ಏನು ಮಾಡಬೇಕೆಂಬುದರಲ್ಲಿ ನನಗೆ ಒಂದು ದೃಢವಾದ ಅಭಿಪ್ರಾಯವಿದೆ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಜಿಪಿಯು ಎಂಬುದು ಮಾಡುವುದೇನು? ಸಾಮಾನ್ಯ ಪ್ರೊಸೆಸರನ್ನು ಒಬ್ಬ ನುರಿತ ಅಕ್ಕಸಾಲಿಗನಿಗೆ ಹೋಲಿಸಬಹುದು. ಅವನು ಒಂದೊಂದು ಕೆಲಸವನ್ನೂ ಬೇಗನೆ, ಜಾಣತನದಿಂದ, ಸಂದರ್ಭಕ್ಕೆ ತಕ್ಕಂತೆ ಕೈ ಬದಲಿಸಿ ಮಾಡುತ್ತಾನೆ. ಜಿಪಿಯುವನ್ನು ಹೋಲಿಸಬೇಕಾದದ್ದು ಮಲೆನಾಡಿನ ಗದ್ದೆಯಲ್ಲಿ ನಾಟಿಗೆ ಇಳಿದ ಹೆಣ್ಣಾಳುಗಳ ಸಾಲಿಗೆ. ಒಬ್ಬೊಬ್ಬರ ಕೈಯೂ ಮಾಡುವುದು ಒಂದೇ ಸರಳವಾದ ಕೆಲಸ. ಆದರೆ ಸಾಲಿಗೆ ಸಾಲೇ ಒಂದು ಲಯಕ್ಕೆ ಬಗ್ಗಿ ನೆಟ್ಟು ಹಿಂದೆ ಸರಿಯುವುದರಿಂದ ಮಧ್ಯಾಹ್ನದೊಳಗೆ ಗದ್ದೆ ಹಸುರಾಗುತ್ತದೆ. ಆಟದ ಪರದೆಯ ಮೇಲಿನ ಲಕ್ಷಾಂತರ ಬಿಂದುಗಳಿಗೆ ಒಂದೊಂದಕ್ಕೂ ಬಣ್ಣವನ್ನು ಏಕಕಾಲದಲ್ಲಿ ಲೆಕ್ಕ ಹಾಕಬೇಕಾಗಿದ್ದುದರಿಂದ ಇಂತಹ ರಚನೆ ಹುಟ್ಟಿತು. ಅದರೊಳಗೆ ಸಾವಿರಾರು ಪುಟ್ಟ ಗಣಕಘಟಕಗಳಿವೆ. ಅವು ಒಂದು ತಯಾರಕರ ಚಿಪ್ಪಿನಲ್ಲಿ 32ರ ಸಾಲುಗಳಾಗಿ, ಇನ್ನೊಬ್ಬರದರಲ್ಲಿ 64ರ ಸಾಲುಗಳಾಗಿ, ಸಾಲಿಗೆ ಒಂದೇ ಆಜ್ಞೆಯಂತೆ ನಡೆಯುತ್ತವೆ. ಗುಳಿಗೆಯನ್ನೂ ಡಬ್ಬಿಯನ್ನೂ ಕೋಟ್ಯಂತರ ಕೋಶಗಳನ್ನಾಗಿ ವಿಭಾಗಿಸಿ, ಪ್ರತಿಯೊಂದು ಕೋಶದಲ್ಲಿಯೂ ಒತ್ತಡ, ತಾಪ, ವೇಗ, ವಿಕಿರಣಗಳು ಕ್ಷಣಕ್ಷಣಕ್ಕೆ ಹೇಗೆ ಮಾರ್ಪಡುವುವೆಂದು ಎಣಿಸುವ ಸಮ್ಮಿಲನದ ಗಣಿತಕ್ಕೆ ಈ ಸಾಲುಕೆಲಸ ಬಹುಮಟ್ಟಿಗೆ ಒಗ್ಗುತ್ತದೆ.

ಬಹುಮಟ್ಟಿಗೆ ಎಂದೆ, ಪೂರ್ತಿಯಾಗಿ ಅಲ್ಲ. ಸಾಲಿನ ಅರ್ಧದವರು ನೆಡಬೇಕು, ಉಳಿದರ್ಧದವರು ಕಳೆ ಕೀಳಬೇಕು ಎಂದಾದರೆ, ಆಜ್ಞೆ ಒಂದೇ ಆದುದರಿಂದ, ಒಂದು ಗುಂಪು ದುಡಿಯುವಾಗ ಇನ್ನೊಂದು ಗುಂಪು ಸೊಂಟಕ್ಕೆ ಕೈಕೊಟ್ಟು ನಿಲ್ಲಬೇಕಾಗುತ್ತದೆ. ಗುಳಿಗೆಯ ಒಂದು ಕೋಶ ಉರಿಯುತ್ತಿರುತ್ತದೆ, ಪಕ್ಕದ್ದು ಹಿಮವಾಗಿಯೇ ಇರುತ್ತದೆ, ಡಬ್ಬಿಯ ಗೋಡೆಯ ಬಳಿಯ ಮೂರನೆಯದರಲ್ಲಿ ಚಿನ್ನವೂ ಅನಿಲವೂ ಬೆರೆತಿರುತ್ತವೆ. ಮೂರಕ್ಕೂ ಮೂರು ಬಗೆಯ ಗಣನೆ. ಸಸಿಯ ಕಂತೆಗಳು ಹೊತ್ತಿಗೆ ಸರಿಯಾಗಿ ಬದುವಿಗೆ ಬಂದು ಬೀಳದಿದ್ದರೆ ಎಷ್ಟು ಕೈಗಳಿದ್ದರೇನು? ಜ್ಞಾಪಕಕೋಶದಿಂದ ಅಂಕಿಗಳನ್ನು ತಂದು ಒದಗಿಸುವ ವೇಗವೇ ಅನೇಕ ವೇಳೆ ಇಡೀ ಕಾರ್ಯದ ಮಿತಿಯಾಗಿ ನಿಲ್ಲುತ್ತದೆ. ಲಿವರ್‌ಮೋರಿನಲ್ಲಿ 2018ರಲ್ಲಿ ಸ್ಥಾಪಿತವಾದ ‘ಸಿಯೆರಾ’ ಎಂಬ ಗಣಕದಲ್ಲಿ, ಸಾಮಾನ್ಯ ಪ್ರೊಸೆಸರಿನ ಜ್ಞಾಪಕ ಬೇರೆ, ಜಿಪಿಯುವಿನ ಜ್ಞಾಪಕ ಬೇರೆಯಾಗಿತ್ತು. ಒಂದರಿಂದ ಇನ್ನೊಂದಕ್ಕೆ ಸಾಗಿಸುವ ದಣಿವು ಬೇರೆ. 2024ರ ನವೆಂಬರಿನಲ್ಲಿ ಜಗತ್ತಿನ ಅತಿವೇಗದ ಗಣಕವೆಂದು ಪ್ರಕಟವಾದ ‘ಎಲ್ ಕ್ಯಾಪಿಟನ್’ನಲ್ಲಿ ಎರಡನ್ನೂ ಒಂದೇ ಚಿಪ್ಪಿಗೆ ಸೇರಿಸಿ ಒಂದೇ ಜ್ಞಾಪಕವನ್ನು ಹಂಚಿಕೊಳ್ಳುವಂತೆ ಮಾಡಿದ್ದಾರೆ; ಅಂತಹ 44,000ಕ್ಕೂ ಮೀರಿದ ಚಿಪ್ಪುಗಳು ಅಲ್ಲಿ ಕೂಡಿ ಸೆಕೆಂಡಿಗೆ 1.74 ಎಕ್ಸಾಫ್ಲಾಪ್‌ನಷ್ಟು, ಅಂದರೆ ಒಂದರ ಮುಂದೆ ಹದಿನೆಂಟು ಸೊನ್ನೆ ಇಟ್ಟರೆ ಆಗುವ ಸಂಖ್ಯೆಗಿಂತ ಅಧಿಕವಾದ ಲೆಕ್ಕಗಳನ್ನು ಮಾಡಬಲ್ಲವೆಂದು ಅಳೆಯಲಾಯಿತು. ಸಸಿಮಡಿಯನ್ನು ಗದ್ದೆಯ ಪಕ್ಕಕ್ಕೇ ತಂದಂತಾಯಿತು.

ಇನ್ನೊಂದು ತೊಡಕು ನನಗೆ ಇವೆಲ್ಲಕ್ಕಿಂತ ಸ್ವಾರಸ್ಯವಾಗಿ ತೋರಿದೆ. ಪ್ಲಾಸ್ಮಾವನ್ನು ಕಣಕಣವಾಗಿ ಅನುಕರಿಸುವ ಗಣನೆಗಳಲ್ಲಿ, ಪ್ರತಿಯೊಂದು ಕಣವೂ ತಾನಿರುವ ಕೋಶದ ಖಾತೆಗೆ ತನ್ನ ವಿದ್ಯುದಂಶವನ್ನು ಜಮಾ ಮಾಡಬೇಕು. ಸಾವಿರಾರು ಶಾನುಭೋಗರು ಏಕಕಾಲದಲ್ಲಿ ಒಂದೇ ಕಿರ್ದಿಯ ಒಂದೇ ಪುಟಕ್ಕೆ ಬರೆಯ ಹೊರಟರೆ ಆಗುವ ಗೊಂದಲವೇ ಇಲ್ಲಿಯೂ ಆಗುತ್ತದೆ. ಒಬ್ಬನು ಬರೆದದ್ದನ್ನು ಇನ್ನೊಬ್ಬನು ಅಳಿಸಿಬಿಡಬಹುದು. ಇದನ್ನು ತಡೆಯಲು ಒಬ್ಬೊಬ್ಬರಾಗಿ ಬರೆಯುವ ನಿಯಮ ಮಾಡಿದರೆ, ಯಾರು ಮೊದಲು, ಯಾರು ಅನಂತರ ಎಂಬ ಸರದಿ ಪ್ರತಿಸಲವೂ ಬೇರೆಯಾಗುತ್ತದೆ. ಗಣಕದ ಅಂಕಿಗಳಿಗೆ ಸ್ಥಾನಗಳ ಮಿತಿ ಇರುವುದರಿಂದ ಕೂಡಿಸುವ ಕ್ರಮ ಬದಲಾದರೆ ಕಟ್ಟಕಡೆಯ ಸ್ಥಾನದ ಅಂಕಿಯೂ ಬದಲಾಗುತ್ತದೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಎರಡು ಉತ್ತರ ಬರುತ್ತದೆ, ಅವುಗಳ ಭೇದ ಎಷ್ಟೇ ಅಲ್ಪವಾಗಿರಲಿ. ಅಲ್ಪವನ್ನು ಬೆಳೆಸುವುದೇ ಸ್ವಭಾವವಾಗಿರುವ ಒಂದು ಕುಸಿತವನ್ನು ಅನುಕರಿಸುವಾಗ, ಇದು ನಿಸರ್ಗದ ಕಂಪನವೋ ಕೂಡುವಿಕೆಯ ಕಂಪನವೋ ಎಂಬ ವಿವೇಚನೆಯನ್ನು ವಿಜ್ಞಾನಿಯು ಎಚ್ಚರದಿಂದ ಮಾಡಬೇಕಾಗುತ್ತದೆ. ಜೀನ್ ಆಮ್‌ಡಾಲ್ 1967ರಲ್ಲಿ ತೋರಿಸಿಕೊಟ್ಟ ಮಿತಿಯೂ ಇದ್ದೇ ಇದೆ: ಕೆಲಸದ ಹತ್ತರಲ್ಲಿ ಒಂದು ಪಾಲು ಒಬ್ಬನೇ ಮಾಡತಕ್ಕದ್ದಾಗಿ ಉಳಿದರೆ, ಮಿಕ್ಕ ಒಂಬತ್ತು ಪಾಲಿಗೆ ಎಷ್ಟು ಕೈಗಳನ್ನು ಹಚ್ಚಿದರೂ ಒಟ್ಟು ವೇಗ ಹತ್ತು ಪಟ್ಟನ್ನು ಮೀರದು.

ಆದುದರಿಂದ ಹಳೆಯ ಕ್ರಮವಿಧಿಯನ್ನು ಹೊಸ ಯಂತ್ರಕ್ಕೆ ತುಂಬಿದ ಮಾತ್ರಕ್ಕೆ ವೇಗ ಬರುವುದಿಲ್ಲ. ಅದನ್ನು ಬುಡದಿಂದ ಮತ್ತೆ ಬರೆಯಬೇಕು. ಲಿವರ್‌ಮೋರಿನವರು ಒಂದೇ ಕ್ರಮವಿಧಿ ಬಗೆಬಗೆಯ ಯಂತ್ರಗಳ ಮೇಲೆ ನಡೆಯುವಂತೆ ‘ರಾಜಾ’ ಎಂಬ ಹೆಸರಿನ ಮಧ್ಯವರ್ತಿ ತಂತ್ರಾಂಶವನ್ನು ರಚಿಸಿಕೊಂಡರು. ‘ಮಾರ್ಬಲ್’ ಎಂಬ ಹೊಸ ಕ್ರಮವಿಧಿಯನ್ನು ಜಿಪಿಯುವಿಗೆ ಒಗ್ಗುವ ಗಣಿತದ ಮೇಲೆಯೇ ಕಟ್ಟುತ್ತ ಬಂದಿದ್ದಾರೆ. ಇದರ ಹಿಂದೆ ವರ್ಷಗಟ್ಟಲೆ ಕುಳಿತು ದುಡಿದವರ ಹೆಸರುಗಳು ಪತ್ರಿಕೆಗಳ ತಲೆಬರಹಕ್ಕೆ ಬರುವುದಿಲ್ಲ. ಲೇಸರ್ ಹೊತ್ತಿಸಿದವರಿಗೆ ಸಲ್ಲುವ ಗೌರವದಲ್ಲಿ ಇವರ ಪಾಲು ಇನ್ನೂ ಸಲ್ಲಿಲ್ಲವೆಂದೇ ನನ್ನ ಭಾವನೆ.

ಈಗ ಮುಖ್ಯ ವಿಚಾರಕ್ಕೆ ಬರೋಣ. ವೇಗ ಹೆಚ್ಚಿದಾಗ ಮನುಷ್ಯನಿಗೆ ಸಹಜವಾಗಿ ಬರುವ ಮೊದಲ ಆಸೆ, ಅದೇ ಚಿತ್ರವನ್ನು ಇನ್ನೂ ಸ್ಫುಟವಾಗಿ ನೋಡಬೇಕೆಂಬುದು. ಆ ಆಸೆಯ ಬೆಲೆಯನ್ನು ಎಣಿಸಿ ನೋಡಬೇಕು. ಕೋಶದ ಅಗಲವನ್ನು ಅರ್ಧಕ್ಕೆ ಇಳಿಸಿದರೆ ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಕೋಶಗಳು ಇಮ್ಮಡಿಯಾಗಿ ಒಟ್ಟು ಸಂಖ್ಯೆ ಎಂಟು ಪಟ್ಟಾಗುತ್ತದೆ. ಕಾಲದ ಹೆಜ್ಜೆಯನ್ನೂ ಅರ್ಧಕ್ಕೆ ಇಳಿಸಲೇಬೇಕಾಗುವುದರಿಂದ ಕೆಲಸ ಹದಿನಾರು ಪಟ್ಟಾಗುತ್ತದೆ. ಹತ್ತು ಪಟ್ಟು ಸ್ಫುಟತೆ ಬೇಕೆಂದರೆ ಹತ್ತು ಸಾವಿರ ಪಟ್ಟು ಕೆಲಸ. ಯಂತ್ರವು ನೂರು ಪಟ್ಟು ವೇಗವಾದರೂ ಚಿತ್ರದ ಸ್ಫುಟತೆ ಬೆಳೆಯುವುದು ಮೂರು ಪಟ್ಟಿಗೆ ಸ್ವಲ್ಪ ಮೇಲೆ ಮಾತ್ರ. ಅಂತಹ ಸ್ಫುಟತೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. 2018ರಲ್ಲಿ ಸಿಯೆರಾದ ಮೇಲೆ ‘ಏರಿಸ್’ ಎಂಬ ಕ್ರಮವಿಧಿಯಿಂದ, ಕುಸಿಯುವ ಗೋಲದಲ್ಲಿ ದ್ರವ್ಯಗಳು ಬೆರೆಯುವ ಪ್ರಕ್ಷುಬ್ಧತೆಯನ್ನು ಸುಮಾರು 98 ಶತಕೋಟಿ ಕೋಶಗಳಲ್ಲಿ ಗಣಿಸಿದರು. ಪೊರೆಯಂತಹ, ಅನಿಲವನ್ನು ತುಂಬಲು ಗುಳಿಗೆಗೆ ಚುಚ್ಚಿದ ಸೂಕ್ಷ್ಮ ನಳಿಕೆಯಂತಹ ಕಿರಿಯ ವಸ್ತುಗಳು ಕಾಣಬೇಕಾದರೆ ಅಂತಹ ಸ್ಫುಟತೆ ಬೇಕೇ ಬೇಕು. ಆದರೆ ಒಂದೇ ಒಂದು ಭವ್ಯ ಚಿತ್ರಕ್ಕೆ ಇಡೀ ಯಂತ್ರವನ್ನು ಧಾರೆಯೆರೆದರೆ, ಆ ಚಿತ್ರ ಎಷ್ಟು ಸುಂದರವೋ ಅಷ್ಟೇ ಸುಲಭವಾಗಿ ನಮ್ಮನ್ನು ನಂಬಿಸಿಬಿಡುತ್ತದೆ. 2012ಕ್ಕೆ ಮೊದಲು ಆದದ್ದು ಬಹುಶಃ ಇದೇ.

ಇನ್ನೊಂದು ದಾರಿಯುಂಟು. ಒಂದು ಗಣನೆಯನ್ನು ಇನ್ನೂ ಸೊಗಸಾಗಿ ಮಾಡುವುದರ ಬದಲು, ಗುಳಿಗೆಯ ದಪ್ಪ, ಅದರ ಓರೆಕೋರೆ, ಕಿರಣಗಳ ಅಸಮತೆ, ನಮ್ಮ ಸಮೀಕರಣಗಳಲ್ಲಿಯೇ ಇರಬಹುದಾದ ದೋಷ, ಇವೆಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬದಲಿಸಿ ಸಾವಿರಾರು ಗಣನೆಗಳನ್ನು ಮಾಡಿ, ‘ಎಲ್ಲವೂ ನಾವು ಎಣಿಸಿದಂತೆ ಇರದಿದ್ದರೆ ಏನಾದೀತು?’ ಎಂದು ಕೇಳುವ ದಾರಿ ಅದು. ಲಿವರ್‌ಮೋರಿನ ಕೆಲವು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ಟ್ರಿನಿಟಿ’ ಎಂಬ ಗಣಕದ ಮೇಲೆ ಇಂತಹ ಸುಮಾರು 60,000 ದ್ವಿಮಾನ ಅನುಕರಣಗಳನ್ನು ನಡೆಸಿದ್ದರು. ಫಲಿತಾಂಶದಲ್ಲಿ ಒಂದು ಅಚ್ಚರಿ ಅಡಗಿತ್ತು: ಎಲ್ಲರೂ ಗುಂಡನೆಯ ಕುಸಿತವೇ ಉತ್ತಮವೆಂದು ಎಣಿಸಿದ್ದ ಕಡೆ, ಮೊಟ್ಟೆಯ ಆಕಾರಕ್ಕೆ ಸ್ವಲ್ಪ ವಾಲಿದ ಕುಸಿತವು ಹೊರಗಿನ ದೋಷಗಳನ್ನು ಹೆಚ್ಚು ಸಹಿಸಿಕೊಳ್ಳುತ್ತಿತ್ತು. ಯಾವ ಪ್ರವೀಣನಾದರೂ ತನ್ನ ಒಂದೇ ಗಣನೆಯಲ್ಲಿ ಮೊಟ್ಟೆಯ ಆಕಾರವನ್ನು ಬೇಕೆಂದು ಆರಿಸಿಕೊಳ್ಳುತ್ತಿದ್ದನೆ? ಅರವತ್ತು ಸಾವಿರ ಬಾರಿ ಕೇಳಿದ್ದರಿಂದ ಅದು ಕಂಡಿತು. ನ್ಯೂಯಾರ್ಕ್ ಪ್ರಾಂತದ ರಾಚೆಸ್ಟರಿನಲ್ಲಿರುವ ಅರವತ್ತು ಕಿರಣಗಳ ‘ಒಮೆಗಾ’ ಲೇಸರಿನಲ್ಲಿಯೂ, ಅನುಕರಣ ಹೇಳಿದ್ದನ್ನೂ ಪ್ರಯೋಗ ತೋರಿಸಿದ್ದನ್ನೂ ಸಂಖ್ಯಾಶಾಸ್ತ್ರದಿಂದ ಹೊಂದಿಸಿ, ಅನುಕರಣ ಎಲ್ಲಿ ಎಷ್ಟು ತಪ್ಪುತ್ತದೆಂಬುದನ್ನೇ ಪಾಠವಾಗಿಸಿಕೊಂಡು ಸಮ್ಮಿಲನದ ಇಳುವರಿಯನ್ನು ಮೂರು ಪಟ್ಟು ಏರಿಸಿದರೆಂದು 2019ರಲ್ಲಿ ವರದಿಯಾಯಿತು. 2022ರ ಡಿಸೆಂಬರಿನ ಪ್ರಯೋಗಕ್ಕೆ ಮುಂಚೆಯೂ ಅನೇಕಾನೇಕ ಅನುಕರಣಗಳನ್ನೂ ಹಿಂದಿನ ಪ್ರಯೋಗಗಳನ್ನೂ ಯಂತ್ರಕಲಿಕೆಯಿಂದ ಬೆಸೆದು, ಜ್ವಲನ ಸಾಧಿಸುವ ಸಂಭವ ಶೇಕಡ 70ಕ್ಕಿಂತ ಅಧಿಕವೆಂದು ಹೇಳಿದ್ದರು.

2012ಕ್ಕೆ ಮೊದಲು ಯಂತ್ರಗಳು ಆಡಿದ್ದ ಮಾತನ್ನೂ ಈ ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅಂದು ಅವು ‘ಆಗುತ್ತದೆ’ ಎಂದವು. ಇಂದು ‘ಹತ್ತರಲ್ಲಿ ಏಳು ಪಾಲು ಆದೀತು’ ಎಂದವು. ಎರಡನೆಯ ಮಾತಿನಲ್ಲಿ ಧೈರ್ಯ ಕಡಮೆ ಎಂದು ತೋರಬಹುದು. ತನ್ನ ಅಜ್ಞಾನದ ಅಳತೆಯನ್ನು ತಾನೇ ಹೇಳಿಕೊಳ್ಳುವ ಆ ಮಾತಿನಲ್ಲಿಯೇ ನನಗೆ ಹೆಚ್ಚಿನ ವಿಜ್ಞಾನ ಕಾಣುತ್ತದೆ. ಜಿಪಿಯುವಿನಿಂದ ಉಳಿಯುವ ಪ್ರತಿಯೊಂದು ಗಂಟೆಯ ಬಹುಭಾಗವೂ ಈ ಬಗೆಯ ಸಂಶಯಕ್ಕೆ ಮೀಸಲಾಗಬೇಕೆಂಬುದೇ ನನ್ನ ವಾದ. ದ್ವಿಮಾನದಲ್ಲಿ ಅರವತ್ತು ಸಾವಿರ ಬಾರಿ ಕೇಳಿದ ಪ್ರಶ್ನೆಯನ್ನು ತ್ರಿಮಾನದಲ್ಲಿ ಅಷ್ಟೇ ಬಾರಿ ಕೇಳುವುದಕ್ಕೆ ಹಿಂದಿನ ಯಂತ್ರಗಳಿಗೆ ಶಕ್ತಿ ಇರಲಿಲ್ಲ. ಇಂದಿನವಕ್ಕೆ ಅದು ಕೈಗೆಟುಕುವ ದೂರಕ್ಕೆ ಬಂದಿದೆ.

ಇದಕ್ಕೆ ಅಡ್ಡಿಯಾಗಿ ಒಂದು ಹೊಸ ಚಿಂತೆ ತಲೆದೋರಿದೆ. ಸಮ್ಮಿಲನದ ವಿಜ್ಞಾನವು ಮೊದಲಿನಿಂದಲೂ ಬೇರೆಯವರ ಮನೆಗಾಗಿ ಬೇಯಿಸಿದ ಅಡುಗೆಯನ್ನು ಉಂಡು ಬೆಳೆದದ್ದು. 2008ರಲ್ಲಿ ಸೆಕೆಂಡಿಗೆ ಒಂದು ಪೆಟಾಫ್ಲಾಪ್ ಎಂಬ ಗಡಿಯನ್ನು ಮೊದಲು ದಾಟಿದ, ಲಾಸ್ ಅಲಮಾಸ್ ಪ್ರಯೋಗಾಲಯದ ‘ರೋಡ್‌ರನ್ನರ್’ ಗಣಕದ ಹೃದಯದಲ್ಲಿದ್ದ ಚಿಪ್ಪು, ಮಕ್ಕಳ ವಿಡಿಯೊ ಆಟದ ಪೆಟ್ಟಿಗೆಗಾಗಿ ರೂಪಿಸಿದ ಚಿಪ್ಪಿನ ಒಡಹುಟ್ಟು. ಅದರ ಮೇಲೆಯೇ ಲೇಸರ್ ಮತ್ತು ಪ್ಲಾಸ್ಮಾಗಳ ಪರಸ್ಪರ ಕ್ರಿಯೆಯನ್ನು ಒಂದು ಲಕ್ಷ ಕೋಟಿ ಕಣಗಳಿಂದ ಅನುಕರಿಸಿದರು. ಆಟದ ಮಾರುಕಟ್ಟೆಯ ಬಳಿಕ ಈಗ ಕೃತಕ ಬುದ್ಧಿಯ ಮಾರುಕಟ್ಟೆ ಜಿಪಿಯುವನ್ನು ಸಾಕುತ್ತಿದೆ. ಆದರೆ ಆ ಬುದ್ಧಿಗೆ ಬೇಕಾದದ್ದು ಸ್ಥೂಲವಾದ ಅಂಕಿ. ಹದಿನಾರು ಬಿಟ್‌ಗಳು, ಎಂಟು ಬಿಟ್‌ಗಳು, ಈಚೆಗೆ ನಾಲ್ಕು ಬಿಟ್‌ಗಳೂ ಅದಕ್ಕೆ ಸಾಲುತ್ತವೆ. ನಾಲ್ಕು ಬಿಟ್‌ಗಳಲ್ಲಿ ಹಿಡಿಸುವುದು ಹದಿನಾರೇ ಬೆಲೆಗಳು. ಗುಳಿಗೆಯ ಕುಸಿತವನ್ನು ಎಣಿಸುವವನಿಗೆ ಬೇಕಾದದ್ದು 64 ಬಿಟ್‌ಗಳ, ಸುಮಾರು ಹದಿನಾರು ದಶಮಸ್ಥಾನಗಳ, ನಿಖರವಾದ ಅಂಕಿ. ಅಲ್ಪದಿಂದ ಅಲ್ಪವನ್ನು ಕಳೆದು ಉಳಿಯುವ ಅತ್ಯಲ್ಪದಲ್ಲಿಯೇ ಅವನ ಉತ್ತರ ಅಡಗಿರುವುದು. ತಯಾರಕರು ಚಿಪ್ಪಿನ ಮೇಲಿನ ಜಾಗವನ್ನು ಹೆಚ್ಚು ಹೆಚ್ಚಾಗಿ ಸ್ಥೂಲಗಣನೆಗೆ ಕೊಡುತ್ತ ಹೋದರೆ, ನಿಖರಗಣನೆ ಮೂಲೆಗೆ ಸರಿಯುತ್ತದೆ. ಸ್ಥೂಲ ಅಂಕಿಗಳನ್ನೇ ಜಾಣ್ಮೆಯಿಂದ ಹೊಲಿದು ನಿಖರತೆಯನ್ನು ಪಡೆಯುವ ಉಪಾಯಗಳನ್ನು ಗಣಿತಜ್ಞರು ಕಂಡುಕೊಳ್ಳುತ್ತಿದ್ದಾರೆ, ಅದು ಶ್ಲಾಘ್ಯ. ಆದರೂ ಪ್ರಜೆಗಳ ಹಣದಿಂದ ಇಂತಹ ಯಂತ್ರಗಳನ್ನು ಕೊಳ್ಳುವ ಸರಕಾರಗಳು, ನಿಖರಗಣನೆಯ ಸಾಮರ್ಥ್ಯವನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳುವುದು ತಮ್ಮ ಕರ್ತವ್ಯವೆಂದು ಎಣಿಸಬೇಕು.

ಮತ್ತೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಲಿವರ್‌ಮೋರಿನ ಈ ಮಹಾಗಣಕಗಳೂ ಲೇಸರ್ ಸ್ಥಾವರವೂ ಪ್ರಧಾನವಾಗಿ ಇರುವುದು ಅಣ್ವಸ್ತ್ರಗಳ ಪಾಲನೆಗಾಗಿ. ಅಮೆರಿಕವು 1992ರಲ್ಲಿ ಭೂಗರ್ಭದ ಸ್ಫೋಟಪರೀಕ್ಷೆಗಳನ್ನು ನಿಲ್ಲಿಸಿದ ಬಳಿಕ, ಸ್ಫೋಟಿಸಿ ತಿಳಿಯುತ್ತಿದ್ದುದನ್ನು ಎಣಿಸಿ ತಿಳಿಯುವ ವ್ಯವಸ್ಥೆಯಾಗಿ ಇವು ಬೆಳೆದುವು. ಭೂಮಿಯನ್ನು ನಡುಗಿಸುವುದಕ್ಕಿಂತ ಅಂಕಿಗಳನ್ನು ನಡುಗಿಸುವುದು ಮೇಲೆಂದು ಒಪ್ಪುವೆನಾದರೂ, ಇದರಿಂದಾಗಿ ಎಲ್ ಕ್ಯಾಪಿಟನ್ನಿನ ಬಹುಕಾಲವು ಗೋಪ್ಯದ ಗೋಡೆಯ ಹಿಂದೆ ಕಳೆಯುತ್ತದೆಂಬುದೂ, ಅದರ ಕಿರಿಯ ಸೋದರಿಯಾದ ‘ಟ್ವಾಲಮಿ’ ಎಂಬ ಗಣಕವು ಮಾತ್ರ ಬಹಿರಂಗ ವಿಜ್ಞಾನಕ್ಕೆ ತೆರೆದಿದೆಯೆಂಬುದೂ ಖೇದದ ವಿಷಯ. ಸಮ್ಮಿಲನದಿಂದ ವಿದ್ಯುತ್ತು ಬರುವ ದಿನವಂತೂ ಸಮೀಪದಲ್ಲಿಲ್ಲ. 2022ರ ಆ ಪ್ರಯೋಗದಲ್ಲಿ ಎರಡು ಮೆಗಾಜೂಲ್ ಬೆಳಕನ್ನು ಹುಟ್ಟಿಸಲು ಲೇಸರ್ ಸ್ಥಾವರವು ಸುಮಾರು 300 ಮೆಗಾಜೂಲ್ ವಿದ್ಯುತ್ತನ್ನು ಕುಡಿದಿತ್ತು. ಆ ದೂರವನ್ನು ಕ್ರಮಿಸುವ ಜ್ಞಾನವು ಎಲ್ಲರ ಕಣ್ಣಿಗೆ ಬೀಳುವ ಕಡೆ ಬೆಳೆಯಬೇಕು.

ಹಾಗೆ ಬೆಳೆಯುತ್ತಿರುವ ಒಂದು ನಿದರ್ಶನವುಂಟು. ‘ವಾರ್ಪ್‌ಎಕ್ಸ್’ ಎಂಬ ಕ್ರಮವಿಧಿಯು ಲೇಸರ್ ಬೆಳಕು ಪ್ಲಾಸ್ಮಾದಲ್ಲಿ ಹಾಯುವುದನ್ನು ಕಣಕಣವಾಗಿ ಅನುಕರಿಸುತ್ತದೆ. ಅಮೆರಿಕ ಮತ್ತು ಫ್ರಾನ್ಸಿನವರು ಕೂಡಿ ಕಟ್ಟಿದ ಅದಕ್ಕೆ, ಜಿಪಿಯುಗಳಿಂದಲೇ ತುಂಬಿದ ‘ಫ್ರಾಂಟಿಯರ್’ ಮೊದಲಾದ ಗಣಕಗಳ ಮೇಲೆ ತೋರಿಸಿದ ಸಾಧನೆಗಾಗಿ 2022ರ ಗಾರ್ಡನ್ ಬೆಲ್ ಪಾರಿತೋಷಕ ಬಂದಿತು. ಅದರ ಪ್ರತಿಯೊಂದು ಸಾಲೂ ಲೋಕಕ್ಕೆ ತೆರೆದಿದೆ; ಬೇಕಾದವರು ಇಳಿಸಿಕೊಂಡು ಒಂದೇ ಒಂದು ಜಿಪಿಯುವಿನ ಮೇಲೂ ಚಿಕ್ಕ ಪ್ರಮಾಣದಲ್ಲಿ ನಡೆಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ, 3.3 ಪೆಟಾಫ್ಲಾಪ್‌ಗಳ ‘ಪರಮ್ ಪ್ರವೇಗ’ವು ಎಲ್ ಕ್ಯಾಪಿಟನ್ನಿಗಿಂತ ನೂರಾರು ಪಾಲು ಚಿಕ್ಕದು, ಅದಕ್ಕಾಗಿ ನಾಚಬೇಕಾದುದಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಇಂತಹ ಚಿಪ್ಪುಗಳ ವಿನ್ಯಾಸಕ್ಕಾಗಿ ದುಡಿಯುವ ಎಂಜಿನಿಯರುಗಳು ಅಸಂಖ್ಯರಿದ್ದಾರೆ. ಆದರೆ ಆ ಚಿಪ್ಪಿನ ಮೇಲೆ ಪ್ಲಾಸ್ಮಾದ ಸಮೀಕರಣವನ್ನು ಬರೆಯಬಲ್ಲ ತರುಣರು ವಿರಳ. ನಮ್ಮ ಭೌತಶಾಸ್ತ್ರದ ವಿದ್ಯಾರ್ಥಿಗೆ ಜಿಪಿಯುವಿನ ಕ್ರಮವಿಧಿಯನ್ನೂ, ಎಂಜಿನಿಯರಿಂಗಿನ ವಿದ್ಯಾರ್ಥಿಗೆ ಪ್ಲಾಸ್ಮಾವನ್ನೂ ಕಲಿಸುವ ಪಾಠ ನಮ್ಮ ವಿಶ್ವವಿದ್ಯಾಲಯಗಳಲ್ಲಿ ನೆಲೆಗೊಳ್ಳಬೇಕು. ಇದಕ್ಕೆ ಬೇಕಾಗುವುದು ದೊಡ್ಡ ಯಂತ್ರಕ್ಕಿಂತ ಮಿಗಿಲಾಗಿ ಅಧ್ಯಾಪಕರು.

ಅಂತಹ ತರುಣನೊಬ್ಬನಿಗೆ ಮೊದಲ ಸಮಸ್ಯೆಯನ್ನು ನಾನೇ ಆರಿಸಿಕೊಡುವಂತಾದರೆ, ಬೆಂಗಳೂರಿನವನಿಗೆ ಹತ್ತಿರವಾದ ಒಂದನ್ನು ಕೊಟ್ಟೇನು. 1933ರಿಂದ 1970ರಲ್ಲಿ ದೇಹ ಬಿಡುವವರೆಗೂ ಈ ಊರಿನಲ್ಲಿಯೇ ನೆಲಸಿದ್ದ ಚಂದ್ರಶೇಖರ ವೆಂಕಟರಾಮನ್ನರು, ಅದಕ್ಕೆ ಮುಂಚೆ 1928ರಲ್ಲಿ ಕಲ್ಕತ್ತೆಯಲ್ಲಿ, ದ್ರವದಲ್ಲಿ ಹಾಯ್ದ ಬೆಳಕು ಅಣುಗಳ ಕಂಪನಕ್ಕೆ ತನ್ನ ಶಕ್ತಿಯ ಕಿಂಚಿತ್ತನ್ನು ಕೊಟ್ಟು ಬಣ್ಣ ಬದಲಿಸುವುದನ್ನು ಕಂಡರಷ್ಟೆ. ಆ ಚಿನ್ನದ ಡಬ್ಬಿಯೊಳಗಿನ ಪ್ಲಾಸ್ಮಾದಲ್ಲಿ ಅಣುಗಳಿಲ್ಲ; ಅಲ್ಲಿ ಇಲೆಕ್ಟ್ರಾನುಗಳ ಅಲೆಗಳಿವೆ. ಲೇಸರ್ ಬೆಳಕು ಆ ಅಲೆಗಳಿಗೆ ಶಕ್ತಿಯನ್ನು ಕೊಟ್ಟು, ಬಣ್ಣ ಬದಲಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಿಬಿಡುತ್ತದೆ. ಬಲಿತ ಅಲೆಗಳು ಇಲೆಕ್ಟ್ರಾನುಗಳನ್ನು ಚಿಮ್ಮಿ, ಗುಳಿಗೆಯು ಕುಗ್ಗುವುದಕ್ಕೆ ಮುಂಚೆಯೇ ಅದನ್ನು ಕಾಯಿಸಿ ಕೆಡಿಸಬಲ್ಲವು. ವಿಜ್ಞಾನಿಗಳು ಇದನ್ನು ಪ್ರಚೋದಿತ ರಾಮನ್ ಚದರಿಕೆಯೆಂದೇ ಕರೆಯುತ್ತಾರೆ. ರೋಡ್‌ರನ್ನರಿನ ಮೇಲೆ ಲಕ್ಷ ಕೋಟಿ ಕಣಗಳಿಂದ ಅನುಕರಿಸಿದ್ದು ಇದನ್ನೇ; ಆಗಲೂ ಗಣನೆಗೆ ಹಿಡಿಸಿದ್ದು ಕಿರಣದೊಳಗಿನ ಪ್ರಖರವಾದ ಒಂದು ಚಿಕ್ಕ ಚುಕ್ಕೆಯ ಸುತ್ತಿನ ಪ್ರದೇಶ. ಒಂದೊಂದು ಕಿರಣದಲ್ಲಿಯೂ ಅಂತಹ ಚುಕ್ಕೆಗಳು ಲೆಕ್ಕವಿಲ್ಲದಷ್ಟು, ಕಿರಣಗಳು 192. ಚುಕ್ಕೆಯ ಗಣನೆಯಲ್ಲಿ ಕಾಲದ ಹೆಜ್ಜೆ ಬೆಳಕಿನ ಒಂದು ಕಂಪನಕ್ಕಿಂತಲೂ ಚಿಕ್ಕದು; ಗುಳಿಗೆಯ ಕುಸಿತಕ್ಕೆ ಹಿಡಿಯುವ ಕಾಲವು ಅದರ ಕೋಟ್ಯಂತರ ಪಟ್ಟು. ಕುಸಿತವನ್ನು ಎಣಿಸುವ ದೊಡ್ಡ ಕ್ರಮವಿಧಿಗಳು ಆದಕಾರಣ ಈ ಚದರಿಕೆಯನ್ನು ಬುಡದಿಂದ ಗಣಿಸಲಾರದೆ, ಪ್ರಯೋಗದಲ್ಲಿ ಅಳೆದ ಅಂಕಿಯಿಂದಲೋ ಸರಳಗೊಳಿಸಿದ ಸೂತ್ರದಿಂದಲೋ ಆ ಸ್ಥಳವನ್ನು ತುಂಬಿಕೊಂಡು ಮುಂದೆ ಸಾಗುತ್ತವೆ. ಒಂದು ಚುಕ್ಕೆಯ ಅನುಕರಣವನ್ನು ಜಿಪಿಯುವಿನ ಮೇಲೆ ಸಾವಿರ ಬಗೆಯ ಪ್ಲಾಸ್ಮಾಗಳಿಗೆ ಸಾವಿರ ಬಾರಿ ನಡೆಸಿ, ಹಿಂದಿರುಗುವ ಬೆಳಕು ಎಷ್ಟೆಂಬುದನ್ನೂ ಆ ಉತ್ತರ ಎಷ್ಟರಮಟ್ಟಿಗೆ ಅಲುಗಾಡುತ್ತದೆಂಬುದನ್ನೂ ಕೂಡಿಯೇ ಕೋಷ್ಟಕವಾಗಿ ಬರೆದಿಟ್ಟರೆ, ದೊಡ್ಡ ಕ್ರಮವಿಧಿಗಳು ಆ ಕೋಷ್ಟಕವನ್ನು ಎತ್ತಿಕೊಳ್ಳಬಹುದು. ಪ್ರವೇಗದ ಜಿಪಿಯುಗಳಲ್ಲಿ ಕೆಲವನ್ನು ಕೆಲವು ತಿಂಗಳ ಕಾಲ ಒಬ್ಬ ವಿದ್ಯಾರ್ಥಿಗೆ ಬಿಟ್ಟುಕೊಟ್ಟರೆ, ಮೊದಲ ಕೆಲವು ಸಾಲುಗಳನ್ನಾದರೂ ಅವನು ತುಂಬಿಯಾನು.